ಬಲಮೂಲೆಯ ಚೀಟಿ

ಅಣ್ಣ ತೀರಿಕೊಂಡು ತಿಂಗಳಾದ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಟ್ರಂಕಿನಿಂದ ಒಂದು ಚಿತ್ರ ತೆಗೆದು ನನ್ನ ಮುಂದಿಟ್ಟರು. ಹಳ್ಳಿಯ ಮಂಡಳಿಗಳು ಆಡುವ ಸಾಮಾಜಿಕ ನಾಟಕವೊಂದರ ಪುಸ್ತಕಕ್ಕೆ ಅಣ್ಣ ಬರೆದ ಮುಖಪುಟ. ಹಸಿರು ಇಳಕಲ್ ಸೀರೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ. ಹೊಸ್ತಿಲ ಮೇಲೆ ಕುಡಿದು ಬಂದ ಗಂಡನ ನೆರಳು. ಅಚ್ಚಿನಲ್ಲಿ ಆ ಹಸಿರು ಕಪ್ಪಾಗಿ ಬಂದಿತ್ತು. ಮೂಲದಲ್ಲಿ ಅದು ಎಳೆ ಜೋಳದ ಗರಿಯಂತಿದೆ.

ಕೆಳಗೆ ಬಲಮೂಲೆಯಲ್ಲಿ, ನಾನು ಕೆಲಸ ಮಾಡಿದ ಸಿಂದಗಿಯ ಪ್ರೆಸ್ಸಿನ ವಿಳಾಸದ ಚೀಟಿ ಅಂಟಿತ್ತು.

"ಇದರ ಕೆಳಗ ಅವರ ಹೆಸರೈತಿ, ತಮ್ಮಾ. ಚೀಟಿ ಬಿಚ್ಚಿ ಕೊಡು. ಕಟ್ಟು ಹಾಕಿಸಿ ಗ್ವಾಡಿಗೆ ಹಾಕೋಣು," ಎಂದರು.

ಹೂವಿನ ಹಿಪ್ಪರಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಅಣ್ಣನನ್ನು ಪ್ರೆಸ್ಸಿನ ಮಾಲೀಕರ ಬಳಿ ಕರೆದೊಯ್ದವನು ನಾನೇ. ಇದು ಅವನ ಮೊದಲ ಮುಖಪುಟ. ಅದು ಮೇಜಿನ ಮೇಲಿದ್ದಾಗ ಅಗರಖೇಡದಿಂದ ಪುಸ್ತಕ ಒಯ್ಯಲು ಬಂದವರೊಬ್ಬರು ಬಾಗಿ ನೋಡಿದರು. "ಇದನ್ನ ತಗದಾಂವ ಯಾರ್ರಿ? ಈಕಿ ಈಗ ಮಾತಾಡ್ತಾಳ ನೋಡ್ರಿ!"

ನಾನು ಅಚ್ಚಿನ ಮೊಳೆ ಜೋಡಿಸಿ ಕಟ್ಟಿದ ಪುಟಗಳನ್ನು ಯಾರೂ ಹಾಗೆ ಬಾಗಿ ನೋಡಿರಲಿಲ್ಲ. ಮಧ್ಯಾಹ್ನ ಮಾಲೀಕರು, ಮುಖಪುಟದಲ್ಲಿ ಅಚ್ಚಾಗಲೆಂದು, ಚಿತ್ರಕ್ಕೆ ವಿಳಾಸದ ಚೀಟಿ ಹಚ್ಚಲು ಹೇಳಿದರು. ಎಡಕ್ಕೆ ಬೇಕಾದಷ್ಟು ಜಾಗವಿತ್ತು. ಬಲಕ್ಕೆ, ಅಣ್ಣ ಕೆಂಪಿನಲ್ಲಿ ಬರೆದಿದ್ದ ಹೆಸರಿನ ಮೇಲೆಯೇ ಹಚ್ಚಿದೆ.

ಅಚ್ಚಾದ ಪುಸ್ತಕದ ಜೊತೆ ಚಿತ್ರವನ್ನು ಮರಳಿ ಕೊಟ್ಟಾಗ ಅಣ್ಣ ನಕ್ಕ. "ನನ್ನ ಹೆಸರಿನ ಮ್ಯಾಲ ಯಾರೋ ಚಾಪಿ ಹಾಸಿ ಮಲಗ್ಯಾರಲ್ಲೋ!"

"ಮಾಲಕರು ಹಚ್ಚ್ಯಾರ," ಎಂದೆ.

ಮುಂದೆ ಅವನು ಯಾವ ಮುಖಪುಟದ ಮೇಲೂ ಹೆಸರು ಬರೆಯಲಿಲ್ಲ. ಬಲಮೂಲೆಯನ್ನು ಚೀಟಿಗೆಂದೇ ಖಾಲಿ ಬಿಟ್ಟು ಕೊಡುತ್ತಿದ್ದ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಆ ಪುಸ್ತಕಗಳು ಹೋದವು. ಚಿತ್ರ ಯಾರದೆಂದು ಮತ್ತೆ ಯಾರೂ ಕೇಳಲಿಲ್ಲ.

ಚೀಟಿಯ ಮೇಲೆ ಒದ್ದೆ ಬಟ್ಟೆ ಹಾಕಿ ಕಾದೆ. ಮೈದಾ ಅಂಟು ನೀರಿಗೆ ಬಿಡುತ್ತದೆ. ಅಣ್ಣನ ಬಣ್ಣವೂ ನೀರಿನದೇ ಎಂಬುದು, ಅಷ್ಟು ವರ್ಷ ನೋಡಿದ್ದರೂ, ನನಗೆ ಹೊಳೆಯಲಿಲ್ಲ. ಚೀಟಿ ಎದ್ದಾಗ ಮೂಲೆಯಲ್ಲಿ ಉಳಿದದ್ದು ಒಂದು ಕೆಂಪು ಕಲೆ.

"ವೈನಿ, ಅವತ್ತ ಇದನ್ನ ಹಚ್ಚಿದಾಂವ ನಾನ ರೀ. ಬೇಕಂತನ ಹಚ್ಚಿದ್ದೆ."

ಅವರು ಒದ್ದೆ ಚೀಟಿಯನ್ನು ಅಂಗೈಯಲ್ಲಿ ಬಿಡಿಸಿಟ್ಟುಕೊಂಡರು. "ಗೊತ್ತೈತಿ. 'ಸೊಟ್ಟ ಕುಂತೈತಿ ನೋಡು, ನಮ್ಮ ತಮ್ಮಂದ ಕೈ' ಅಂತ ಅವರು ಅವತ್ತನ ಅಂದಿದ್ರು. ಅದಕ್ಕ ನಿನ್ನ ಕೈಲೆನ ಬಿಚ್ಚಸಬೇಕು ಅಂತ ಮಾಡಿದ್ದೆ."

ಚಿತ್ರವನ್ನು ಬಸವನ ಬಾಗೇವಾಡಿಯ ಕಟ್ಟಿನ ಅಂಗಡಿಗೆ ನಾನೇ ಒಯ್ದೆ.

"ಅಳತಿ ಎಷ್ಟ್ರಿ?" ಎಂದ ಅಂಗಡಿಯವನು.

ಅಣ್ಣನ ಹೆಸರು ಹೇಳಿದೆ.

"ಹೆಸರಲ್ರೀ ಯಜಮಾನ್ರ, ಅಳತಿ," ಎಂದ.