ಮಂಗಳದ ನಂತರ ಉಳಿದ ಕ್ರಿಸ್‌ಮಸ್ ಹಾಡು

ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದಲ್ಲಿ ಡಿಸೆಂಬರ್ ಬಂದದ್ದು ಚಳಿಯಿಂದ ಗೊತ್ತಾಗುತ್ತಿರಲಿಲ್ಲ. ಎದುರು ಮನೆಯಿಂದ ಮೊದಲು ಎಣ್ಣೆಯಲ್ಲಿ ಕುಲ್‌ಕುಲ್ ಎಂಬ ಸಿಹಿತಿಂಡಿ ಕರಿಯುವ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಒಂದು ವಿಚಿತ್ರ ಸಂಗೀತ. ಗಂಟೆಗಳು, ಆರ್ಗನ್, ಮಧ್ಯೆ ಒಂದು ಕೊಳಲು. ಹಾಡು ಶುರುವಾಯಿತು ಎನ್ನುವಷ್ಟರಲ್ಲಿ ಹಾಡುವವನು ಮಾಯ. ಬರೀ ವಾದ್ಯಗಳು ತಮ್ಮಷ್ಟಕ್ಕೆ ಎಲ್ಲೆಲ್ಲೋ ಸುತ್ತಾಡಿ, ನಾವು ಮರೆತ ಮೇಲೆ ಅವನು ಪುನಃ ಬರುತ್ತಿದ್ದ.

ಎದುರು ಮನೆಯವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಗಂಡ ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಬಾಯಮ್ಮ ಎನ್ನುತ್ತಿದ್ದೆ. ನಾನು ಉಡುಪಿ ಕಡೆಯವನು. ರಾತ್ರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವನು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಒಂದು ಭಾನುವಾರ ತಡೆಯಲಾರದೆ ಕೇಳಿದೆ.

"ಇದೆಂತ ಪೊರ್ಬುಗಳೇ, ಹಾಡುವವ ಎಲ್ಲಿಗೆ ಹೋದ? ಚಾ ಕುಡಿಲಿಕ್ಕಾ?"

"ಬರ್ತಾನೆ, ತಡೀರಿ. ನಿಮ್ಮ ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ ಹೇಳಿದ ಮೇಲೆ ಅರ್ಥ ಹೇಳುವವ ಅರ್ಧ ಗಂಟೆ ಎಳೆಯುದಿಲ್ವಾ? ಇದೂ ಹಾಗೇ. ಪ್ರೊಗ್ರೆಸಿವ್ ರಾಕ್ ಅಂತ ಹೇಳ್ತಾರೆ ಇದಕ್ಕೆ."

ಆ ಹೆಸರು ನನಗೆ ಮೊದಲ ಸಲ ಕಿವಿಗೆ ಬಿದ್ದದ್ದು ಆಗ. ಆ ಪಂಗಡದ ಗಾಯಕರು ಕಥೆ, ಕನಸು, ಯುದ್ಧ, ಯಂತ್ರ ಎಂದು ಏನೇನೋ ದೊಡ್ಡ ವಿಷಯ ಹಿಡಿದು ಉದ್ದುದ್ದ ಹಾಡುತ್ತಾರಂತೆ. ಕ್ರಿಸ್‌ಮಸ್ ಹಾಡು ಮಾಡುವುದು ಬಹಳ ಅಪರೂಪ. ಪೊರ್ಬುಗಳ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದವರು, ಇದರ ಹುಚ್ಚು ಹತ್ತಿಸಿದ್ದೂ ಅವರೇ. ಬಂದರು ಬಂದರಿನಲ್ಲಿ ಹುಡುಕಿ, ಅಂಥ ಅಪರೂಪದ ಹಾಡುಗಳನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ತುಂಬಿಸಿ ಅಣ್ಣನಿಗೆ ಕಳಿಸಿದ್ದರು. ಒಂದೊಂದು ಹಾಡಿಗೆ ಮೊದಲು ಅವರೇ ಕೊಂಕಣಿಯಲ್ಲಿ ಎರಡು ಮಾತು ಆಡಿದ್ದರು. ಇದು ಎಲ್ಲಿ ಸಿಕ್ಕಿತು, ಆ ದಿನ ಅಲ್ಲಿ ಹಿಮ ಬಿದ್ದಿತ್ತು, ಅತ್ತಿಗೆ ಈ ವರ್ಷ ನೇವ್ರಿ ಕಡುಬು ಮಾಡಿದ್ದಾರಾ, ಹೀಗೆ. ಮುಂದಿನ ಕ್ರಿಸ್‌ಮಸ್ಸಿಗೆ ಮೊದಲೇ ಅವರು ಹಡಗಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ಆ ಕ್ಯಾಸೆಟ್ಟಿನಲ್ಲಿ ಮಾತ್ರ ಅವರ ಸ್ವರ ಉಳಿದಿತ್ತು.

ಕೊಳಲಿನ ಹಾಡು ಬರುವಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. "ಪೊರ್ಬುಗಳೇ, ಇದು ನಮ್ಮ ತ್ರಿವುಡೆ ಅಲ್ವಾ? ಏಳರ ಲೆಕ್ಕ."

ಅವರು ಬೆರಳು ಮಡಚಿ ಎಣಿಸಿದರು. ಪುನಃ ಎಣಿಸಿದರು. ಆಮೇಲೆ ಒಳಗೆ ಕೂಗಿದರು. "ಇವಳೇ, ಇಲ್ಲಿ ಬಾ! ಈ ಮನೆಯಲ್ಲಿ ನಾನೊಬ್ಬನೇ ಹುಚ್ಚ ಅಂತ ಹೇಳ್ತಿದ್ದಿಯಲ್ಲ, ಈಗ ಎದುರು ಮನೆಯಲ್ಲೂ ಒಬ್ಬ ಸಿಕ್ಕಿದ!"

"ಸಿಕ್ಕಿದ್ರೆ ಒಳ್ಳೇದಾಯ್ತು," ಎಂದರು ಬಾಯಮ್ಮ ಕೈಯ ಹಿಟ್ಟು ಒರೆಸುತ್ತ. "ಇಬ್ರೂ ಸೇರಿ ತೆಂಗಿನಕಾಯಿ ತುರಿಯಿರಿ."

ಅಂದಿನಿಂದ ಡಿಸೆಂಬರ್ ಎಂದರೆ ನನಗೂ ಆ ಕ್ಯಾಸೆಟ್ಟೇ. ಕ್ರಿಸ್‌ಮಸ್ ದಿನ ಬಾಯಮ್ಮ ಸ್ಟೀಲ್ ತಟ್ಟೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕಳಿಸುತ್ತಿದ್ದರು. ನೇವ್ರಿ, ಕುಲ್‌ಕುಲ್, ಗುಳಿಯೊ, ಮೇಲೆ ಕ್ರೋಷಾ ಹೆಣಿಗೆಯ ಬಿಳಿ ಬಟ್ಟೆ. ಆ ತಟ್ಟೆಯನ್ನು ಖಾಲಿ ಮರಳಿಸುವ ಪದ್ಧತಿ ಇರಲಿಲ್ಲ. ಸಂಕ್ರಾಂತಿಗೆ ಎಳ್ಳುಂಡೆ ಹಾಕಿ ನನ್ನ ಹೆಂಡತಿ ಕೊಟ್ಟು ಬರುತ್ತಿದ್ದಳು. ತಟ್ಟೆ ಹೀಗೆ ಆಚೆ ಈಚೆ ಓಡಾಡುತ್ತಲೇ ಇತ್ತು.

ಈಗ ನನ್ನ ತಪ್ಪಿನ ಮಾತು.

ಊರಿನಿಂದ ಒಂದು ತಾಳಮದ್ದಳೆ ತಂಡ ಬಂತು, ವೇಷವಿಲ್ಲದೆ ಕೂತು ಪದ, ಮಾತಿನಲ್ಲೇ ಯಕ್ಷಗಾನ ನಡೆಸುವವರು. ಕಲ್ಯಾಣದ ಒಂದು ಸಭಾಗೃಹದಲ್ಲಿ ಕೂಟ. ಚಿಕ್ಕಂದಿನಲ್ಲಿ ನಾನು ಯಾರ ಮಾತು ಕೇಳಿ ಊಟ ಮರೆತಿದ್ದೆನೋ ಆ ಹಿರಿಯರು ಅರ್ಥ ಹೇಳುವವರಿದ್ದರು. ನಾನು ಪೊರ್ಬುಗಳ ಟೇಪ್ ರೆಕಾರ್ಡರ್ ಕೇಳಿದೆ. ಅವರು ಚೀಲ ಸಮೇತ ಕೊಟ್ಟರು. ಚೀಲದೊಳಗೆ ಆ ಕ್ಯಾಸೆಟ್ಟೂ ಇದ್ದದ್ದು ಅವರಿಗೆ ನೆನಪಿರಲಿಲ್ಲ. ನನಗೆ ಗೊತ್ತಾದದ್ದು ಸಭಾಗೃಹದಲ್ಲಿ.

ನಾನು ಒಯ್ದಿದ್ದ ಖಾಲಿ ಕ್ಯಾಸೆಟ್ ತುಂಬಿಹೋಯಿತು. ವೇದಿಕೆಯ ಮೇಲೆ ತಾಯಿ ಮಗನ ಸಂವಾದ ಆಗಷ್ಟೇ ಏರುತ್ತಿತ್ತು. ಎಲ್ಲರ ಕಣ್ಣಲ್ಲೂ ನೀರು. ನಾನು ಚೀಲದಿಂದ ಆ ಕ್ಯಾಸೆಟ್ ತೆಗೆದೆ. ಅದರ ಬೆನ್ನಿನ ಎರಡೂ ಪ್ಲಾಸ್ಟಿಕ್ ಎಸಳುಗಳನ್ನು ಮುರಿದಿದ್ದರು. ಹಾಗೆ ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಮಾಡಲಿಕ್ಕೆ ಆಗುವುದಿಲ್ಲ. ಯಾರೂ ಅಳಿಸುವುದು ಬೇಡ ಎಂದೇ ಮುರಿದದ್ದು. ನಾನು ಕೂಟದ ಕರಪತ್ರದ ಮೂಲೆ ಹರಿದು, ಉಂಡೆ ಮಾಡಿ, ಎರಡೂ ತೂತುಗಳಿಗೆ ತುರುಕಿ, ಗುಂಡಿ ಒತ್ತಿದೆ. ಕೈತಪ್ಪಿ ಆದದ್ದಲ್ಲ. ಸತ್ತವನ ಸ್ವರ ಅದರಲ್ಲಿದೆ ಎಂದು ತಿಳಿದೇ ಒತ್ತಿದೆ. ಆ ಗಳಿಗೆಯಲ್ಲಿ ನನಗೆ ವೇದಿಕೆಯ ಮೇಲಿನವರ ಮಾತೇ ಹೆಚ್ಚಾಗಿತ್ತು.

ಮನೆಗೆ ಬಂದು ಕೈಯಲ್ಲಿ ಹಿಡಿದು ತಂದಿದ್ದ ರೆಕಾರ್ಡರ್ ಮರಳಿಸಿ, ಚೀಲ ಮಾತ್ರ ಲೋಕಲ್ ಟ್ರೇನಿನ ರ್‍ಯಾಕ್ ಮೇಲೆ ಬಿಟ್ಟುಹೋಯಿತು ಎಂದೆ. ಚೀಲದೊಳಗೆ ಏನಿತ್ತು ಎಂದು ಅವರು ಯೋಚಿಸಿದರು. ಮುಖ ಬಿಳಿಚಿತು. "ಬನ್ನಿ, ಕೇಳಿ ನೋಡುವ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ನಾನು ಅವರೊಂದಿಗೆ ಕಲ್ಯಾಣ ಸ್ಟೇಷನ್ನಿಗೆ ಹೋದೆ. ಕಳೆದ ಸಾಮಾನಿನ ಕಿಟಕಿಯ ಮುಂದೆ ನಿಂತು ಚೀಲದ ಬಣ್ಣ ಹೇಳಿದೆ, ಹಿಡಿಕೆ ಹರಿದಿತ್ತು ಎಂದೂ ಹೇಳಿದೆ. ಚೀಲ ನನ್ನ ಮನೆಯ ಅಟ್ಟದಲ್ಲಿ, ಇಡ್ಲಿ ಪಾತ್ರೆಯ ಒಳಗಿತ್ತು. ಆಮೇಲೆಯೂ ಪೊರ್ಬುಗಳು ಆಫೀಸಿನಿಂದ ಬರುವಾಗ ಡೊಂಬಿವಲಿಯಲ್ಲಿ ಇಳಿಯದೆ ಕಲ್ಯಾಣದವರೆಗೆ ಹೋಗಿ ಆ ಕಿಟಕಿಯಲ್ಲಿ ವಿಚಾರಿಸಿ ಬರುತ್ತಿದ್ದರು. ಕೆಲವೊಮ್ಮೆ ನನ್ನ ಹೋಟೆಲಿಗೆ ಬಂದು ಚಾ ಕುಡಿದು, "ಇವತ್ತೂ ಇಲ್ಲ ಮಾರಾಯ್ರೆ" ಎನ್ನುತ್ತಿದ್ದರು. ನಾನು ಗಲ್ಲಾದಲ್ಲಿ ಕೂತು, "ಸಿಕ್ಕೀತು, ಬಿಡಿ" ಎನ್ನುತ್ತಿದ್ದೆ.

ಆ ವರ್ಷವೂ ಕುಸ್ವಾರ್ ತಟ್ಟೆ ಬಂತು. ಸಂಗೀತ ಬರಲಿಲ್ಲ. ನನ್ನ ಪಾಲಿನ ನೇವ್ರಿ ಮಗನಿಗೆ ಕೊಟ್ಟೆ. ಯಾವ ತಾಳಮದ್ದಳೆಗಾಗಿ ಇಷ್ಟೆಲ್ಲ ಮಾಡಿದೆನೋ ಅದನ್ನೂ ಒಂದು ಸಲವೂ ಹಾಕಿ ಕೇಳಲಿಲ್ಲ.

ಕಾಲ ಹೋಯಿತು. ಪೊರ್ಬುಗಳು ನಿವೃತ್ತರಾಗಿ ನವಿ ಮುಂಬಯಿಯಲ್ಲಿ ಫ್ಲಾಟ್ ಕೊಂಡು ಹೋದರು. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ನಾನು ಹೋಗಿ ಬರುತ್ತಿದ್ದೆ. ಈಗ ಕುಸ್ವಾರ್ ಪ್ಲಾಸ್ಟಿಕ್ ಡಬ್ಬದಲ್ಲಿ. "ಡಬ್ಬ ತಿರುಗಿ ತರುದು ಬೇಡ, ಅಷ್ಟು ದೂರ" ಎನ್ನುತ್ತಿದ್ದರು ಬಾಯಮ್ಮ. ಅದು ಉಪಚಾರದ ಮಾತೇ. ನನಗೆ ಮಾತ್ರ ಏನೋ ಕಡಿದುಹೋದ ಹಾಗೆ ಅನಿಸುತ್ತಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮಗ ನನಗೊಂದು ಫೋನ್ ಕೊಡಿಸಿದ. ಅದರಲ್ಲಿ ಎಂಥ ಹಾಡೂ ಸಿಗುತ್ತದೆ ಎಂದ. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಾನು ಹುಡುಕಲು ಕೂತೆ. ಹಾಡುಗಳನ್ನಾದರೂ ಮರಳಿಸೋಣ, ಫೋನಿನಲ್ಲಿ ಕಂಡಿತು, ನಿಮ್ಮ ನೆನಪಾಯಿತು ಎಂದರೆ ಸಾಕು, ಹಳೆಯದನ್ನು ಎತ್ತುವುದೇ ಬೇಡ ಎಂಬ ಹೇಡಿ ಉಪಾಯ ನನ್ನದು.

ಕ್ರಿಸ್‌ಮಸ್ ಹಾಡು ಎಂದು ಫೋನಿಗೆ ಹೇಳಿದರೆ ಮಕ್ಕಳು ಕುಣಿಯುವುದು ಬಂತು. ಪ್ರೊಗ್ರೆಸಿವ್ ರಾಕ್ ಎಂದರೆ ಕಿವಿ ಹರಿಯುವ ಗಿಟಾರ್ ಬಂತು. ಎರಡನ್ನೂ ಸೇರಿಸಿ ಕೇಳಿದಾಗ ಒಂದೊಂದಾಗಿ ಕೆಲವು ಹಾಡುಗಳು ಮೇಲೆದ್ದವು. ಗಾಯಕರ ಹೆಸರು ನನಗೆ ಯಾವತ್ತೂ ತಿಳಿದಿರಲಿಲ್ಲ. ಆದ್ದರಿಂದ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದೆ. ಅಲ್ಲಿ ನನಗೆ ಗುರುತಿಗೆ ಇದ್ದದ್ದು ಅದೊಂದೇ.

ಸೊಸೆ ಇಲ್ಲಿಯವಳು, ಮರಾಠಿ ಮನೆಯವಳು. ಚಾ ತಂದವಳು ನಿಂತು ನೋಡಿದಳು. "ಬಾಬಾ, ಹೇ ಕಾಯ್ ಚಾಲ್ಲಂಯ್? ಭಜನ್ ಆಹೇ ಕಾ?" ಇದೇನು ನಡೆದಿದೆ, ಭಜನೆಯೇ ಎಂದು ಕೇಳುತ್ತಿದ್ದಳು.

"ಭಜನ್‌ಚ್ ಸಮಜ್," ಎಂದೆ. ಹಾಗೆಂದೇ ತಿಳಿದುಕೋ ಎಂದು.

ಅವಳು ಒಂದು ಇಯರ್‌ಫೋನ್ ತನ್ನ ಕಿವಿಗೆ ಇಟ್ಟುಕೊಂಡಳು. "ಗಾಣಾರಾ ಕುಠೇ ಗೇಲಾ?" ಹಾಡುವವನೆಲ್ಲಿ ಹೋದ ಎಂದು. ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಆರ್ಗನ್ನಿನ ಹಾಡು ಸಿಕ್ಕಿತು, ಗಂಟೆಗಳದ್ದು ಸಿಕ್ಕಿತು. ಕೊಳಲಿನದ್ದು ಸಿಗಲಿಲ್ಲ. ಕೊಳಲು ಊದುವವರು ಬಹಳ ಜನ, ಆದರೆ ಅವರ ತಾಳ ನಾಲ್ಕರ ಲೆಕ್ಕಕ್ಕೇ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಒಬ್ಬ ಊದತೊಡಗಿದ, ನನ್ನ ಕೈ ತಡೆಯದೆ ತ್ರಿವುಡೆಯಲ್ಲಿ ಬಿತ್ತು. ಅದೇ ಇರಬೇಕು. ಆದರೂ ಖಾತ್ರಿಯಾಗಲಿಲ್ಲ. ಮುದುಕನ ಕಿವಿ, ಹಳೆಯ ನೆನಪು. ಆಗ ಅಟ್ಟದ ಇಡ್ಲಿ ಪಾತ್ರೆ ಇಳಿಸಿದೆ. ಹಾಡು ಅಳಿಸಿಹೋಗಿತ್ತು, ನಿಜ. ಆದರೂ ಕ್ಯಾಸೆಟ್ಟಿನ ಮೇಲೆ ಪೊರ್ಬುಗಳ ತಮ್ಮನ ಕೈಬರಹದಲ್ಲಿ ಹಾಡಿನ ಹೆಸರು ಏನಾದರೂ ಇದ್ದೀತು ಎಂದು. ಇದ್ದದ್ದು ಇಂಗ್ಲಿಷಿನಲ್ಲಿ ಒಂದೇ ಸಾಲು, 'ಅಣ್ಣನಿಗೆ, ಕ್ರಿಸ್‌ಮಸ್ಸಿಗೆ' ಎಂದು.

ಕ್ಯಾಸೆಟ್ ಕೈಗೆ ಬಂದ ಮೇಲೆ ಅದನ್ನು ಒಮ್ಮೆ ಕೇಳದೆ ಇರಲಾಗಲಿಲ್ಲ. ಉಲ್ಹಾಸನಗರದ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಟೇಪ್ ರೆಕಾರ್ಡರ್ ಸಿಕ್ಕಿತು. ಅಂಗಡಿಯಲ್ಲೇ ಕ್ಯಾಸೆಟ್ ಹಾಕಿ, ಮೊದಲ ಸಲ ಆ ತಾಳಮದ್ದಳೆ ಕೇಳಿದೆ. ಎರಡನೆಯ ಬದಿಯ ಕೊನೆಗೆ ಭಾಗವತರು ಮಂಗಳ ಹಾಡಿದರು. ಟಕ್ ಎಂದು ಸದ್ದು. ನಾನು ಯಂತ್ರ ನಿಲ್ಲಿಸಿದ ಸದ್ದು ಅದು. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಕೂಟ ಮುಗಿದರೂ ಟೇಪ್ ಉಳಿದಿತ್ತು. ಅಲ್ಲಿಂದ, ಹಾಡಿನ ನಡುವಿನಿಂದಲೇ, ಕೊಳಲು ಮೊದಲಾಯಿತು. ನನ್ನ ಫೋನಿನಲ್ಲಿದ್ದ ಅದೇ ಕೊಳಲು. ಸ್ವಲ್ಪ ಹೊತ್ತು ನುಡಿಯಿತು, ನಿಧಾನವಾಗಿ ಇಳಿಯಿತು. ಆಮೇಲೆ ಏನೋ ಕರಕರ, ಮತ್ತೆ ಖಾಲಿ.

"ಚಾಚಾ, ಬಂದ್ ಕರೂಂ?" ಎಂದ ಅಂಗಡಿಯವನು, ನಿಲ್ಲಿಸಲೇ ಎಂದು.

"ನಹೀ ಭಾಯಿ, ಏಕ್ ಬಾರ್ ಔರ್," ಎಂದೆ. ಬೇಡ, ಇನ್ನೊಂದು ಸಲ ಎಂದು.

ಕ್ರಿಸ್‌ಮಸ್ ದಿನ ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಗೆ ಹೋದೆ. ಚೀಲದಲ್ಲಿ ಆ ರೆಕಾರ್ಡರ್, ಕ್ಯಾಸೆಟ್. ಜೇಬಿನಲ್ಲಿ ಮಗ ಹಾಡುಗಳನ್ನು ಹಾಕಿಕೊಟ್ಟ ಪೆನ್‌ಡ್ರೈವ್. ಎರಡರಲ್ಲಿ ಯಾವುದನ್ನು ಹೊರಗೆ ತೆಗೆಯುತ್ತೇನೆ ಎಂದು ಬಾಗಿಲ ಗಂಟೆ ಒತ್ತುವಾಗಲೂ ನನಗೆ ಗೊತ್ತಿರಲಿಲ್ಲ.

ಮೊದಲು ಸುಲಭದ್ದನ್ನೇ ತೆಗೆದೆ. ಪೆನ್‌ಡ್ರೈವ್ ಟಿವಿಗೆ ಚುಚ್ಚಿದೆವು. ಆರ್ಗನ್ ಬಂತು. ಪೊರ್ಬುಗಳು ಕುರ್ಚಿಯಲ್ಲಿ ನೆಟ್ಟಗಾದರು. ಕೊಳಲು ಬಂದಾಗ ಮುಖ ಅರಳಿತು.

"ತ್ರಿವುಡೆ! ಎಲ್ಲಿಂದ ಹಿಡಿದಿರಿ ಮಾರಾಯ್ರೆ ಇದನ್ನು? ಇವಳೇ, ನೆನಪುಂಟಾ? ಇದಕ್ಕೆ ಮೊದಲು ಅವ ನಿನ್ನ ನೇವ್ರಿ ಕೇಳ್ತಿದ್ದ."

ಬಾಯಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ ತಲೆಯಾಡಿಸಿದರು. ಹಾಡು ಪೂರ್ತಿ ಬಂತು. ತಮ್ಮನ ಮಾತು ಬರಲಿಲ್ಲ, ಬರುವುದಕ್ಕಿಲ್ಲ. ಅವರಿಬ್ಬರೂ ಅದಕ್ಕೇ ಕಾಯುತ್ತಿರುವವರ ಹಾಗೆ ಕೂತಿದ್ದುದು ನೋಡಿ ನನಗೆ ಇನ್ನು ತಡೆಯಲಿಕ್ಕಾಗಲಿಲ್ಲ. ಚೀಲ ಬಿಚ್ಚಿ ಕ್ಯಾಸೆಟ್ ತೆಗೆದು ಅವರ ಕೈಯಲ್ಲಿಟ್ಟೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಇಡ್ಲಿ ಪಾತ್ರೆ ಸಹಿತ, ಕಲ್ಯಾಣದ ಕಿಟಕಿ ಸಹಿತ.

ಪೊರ್ಬುಗಳು ಎದ್ದರು. ಟಿವಿ ಆರಿಸಿದರು. ತಮ್ಮನ ಬರಹದ ಮೇಲೆ ಹೆಬ್ಬೆರಳು ಆಡಿಸಿದರು. "ಹಾಕಿ" ಎಂದರು.

ಮಂಗಳದ ಕೊನೆಯಿಂದ ಹಾಕಿದೆ. ಟಕ್ ಎಂದಿತು. ಕೊಳಲು ನುಡಿಯಿತು, ಇಳಿಯಿತು, ಕರಕರ ಎಂದಿತು.

"ನಿಲ್ಲಿಸಿ. ಹಿಂದೆ ಹಾಕಿ."

ಹಾಕಿದೆ. ಪುನಃ ಎಂದರು. ಮೂರನೆಯ ಸಲ ಬಾಯಮ್ಮನೂ ಹತ್ತಿರ ಬಂದು ಬಗ್ಗಿ ಕಿವಿ ಕೊಟ್ಟರು. "ಅವನದ್ದೇ," ಎಂದರು. ನಾನು ಟೇಪಿನ ಕರಕರ ಎಂದುಕೊಂಡದ್ದು ಮನುಷ್ಯನ ಕೆಮ್ಮಾಗಿತ್ತು. ಹಾಡು ಮುಗಿದ ಮೇಲೆ, ಗುಂಡಿ ಒತ್ತುವ ಮೊದಲು, ತಮ್ಮ ಒಂದು ಸಲ ಗಂಟಲು ಸರಿ ಮಾಡಿಕೊಂಡಿದ್ದರು. ಅಷ್ಟೇ ಉಳಿದದ್ದು.

ಪೊರ್ಬುಗಳು ಹೆಂಡತಿಯಿಂದ ಪಿನ್ ಕೇಳಿ ಪಡೆದರು. ಕ್ಯಾಸೆಟ್ಟಿನ ಬೆನ್ನಿನ ಕಾಗದದ ಉಂಡೆಗಳನ್ನು ಒಂದೊಂದಾಗಿ ಕುಕ್ಕಿ ಹೊರಗೆ ತೆಗೆದು ನನ್ನ ಅಂಗೈಗೆ ಹಾಕಿದರು.

"ಇದು ನಿಮ್ಮದು, ತೆಕ್ಕೊಳ್ಳಿ. ಕ್ಯಾಸೆಟ್ ನನ್ನದು. ನಿಮ್ಮ ಭಾಗವತರು ಇನ್ನು ನನ್ನ ಹತ್ರವೇ ಇರ್ತಾರೆ. ಕೇಳ್ಬೇಕಾದ್ರೆ ಇಲ್ಲಿಗೇ ಬರ್ಬೇಕು."

ಸ್ವರದಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲಿಲ್ಲ. ನಾನು ಹೊರಡಲು ಎದ್ದಾಗ ಬಾಯಮ್ಮ ಎಂದಿನ ಹಾಗೆ ಪ್ಲಾಸ್ಟಿಕ್ ಡಬ್ಬಕ್ಕೆ ಕುಸ್ವಾರ್ ತುಂಬಿಸುತ್ತಿದ್ದರು. ಪೊರ್ಬುಗಳು ಕುರ್ಚಿಯಿಂದಲೇ, ಕಿಟಕಿ ಕಡೆ ನೋಡುತ್ತ ಹೇಳಿದರು.

"ಡಬ್ಬ ಬೇಡ. ಸ್ಟೀಲ್ ತಟ್ಟೆಯಲ್ಲಿ ಹಾಕಿ ಕೊಡು. ಸಂಕ್ರಾಂತಿಗೆ ತಿರುಗಿ ತಂದು ಕೊಡ್ಲಿ."

ಲೋಕಲ್ಲಿನ ಜನಜಂಗುಳಿಯಲ್ಲಿ ಆ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಡೊಂಬಿವಲಿಯವರೆಗೆ ನಿಂತೇ ಬಂದೆ. ಕೂತಿದ್ದವರೊಬ್ಬರು, ತಟ್ಟೆ ರ್‍ಯಾಕ್ ಮೇಲಿಡಿ ಎಂದರು. ನಾನು ಇಡಲಿಲ್ಲ.