ಮಾವನ ಮೋರೆಯ ಗಂಟು

ಇವತ್ತು ಬೆಳಿಗ್ಗೆ ಚಾಮರಾಜನಗರದ ನಮ್ಮ ಮನೆಯಲ್ಲಿ ಚಾರ್ಜರ್ ವೈರುಗಳ ಸಿಕ್ಕು ಬಿಡಿಸುತ್ತ ಕೂತಿದ್ದೆ. ಹೆಂಡತಿ ನೋಡಿ, ‘ವೈರ್ ಗಂಟಾದ್ರೆ ನೀವ್ಯಾಕೆ ಮೋರೆ ಗಂಟಾಕಂಡಿದ್ದೀರಿ?’ ಅಂದಳು. ನಮ್ಮ ಭಾಷೆಯ ಜಿಪುಣತನವೋ ಜಾಣತನವೋ, ನೀವೇ ಹೇಳಿ: ದಾರ ತೊಡರಿದರೂ ಗಂಟು, ಸಿಟ್ಟು ಬಂದರೂ ಗಂಟು. ತಾಳಿಗೆ ಹಾಕುವುದೂ ಗಂಟೇ. ಇವೆಲ್ಲ ಒಂದೇ ಕಡೆ ಸಿಗುತ್ತಿದ್ದದ್ದು ಭೀಮನಬೀಡಿನ ನನ್ನ ಮಾವನ ಮನೆಯಲ್ಲಿ.

ಮಗಳು ತಾನೇ ಮೆಚ್ಚಿ ನನ್ನನ್ನು ಮದುವೆಯಾದಳೆಂದು ಮಾವನಿಗೆ ಕೋಪ. ‘ಆ ಗುಮಾಸ್ತ ಎಲ್ಲಿ ಗಂಟ್ ಬಿದ್ನಮ್ಮಿ ನಿಂಗೆ?’ ಎಂದು ಕೇಳಿದ್ದರಂತೆ. ಆರು ತಿಂಗಳಾದರೂ ನನ್ನೊಡನೆ ಒಂದು ಮಾತಿಲ್ಲ. ನಾನು ಹೋದಾಗಲೆಲ್ಲ ಅವರು ಮೋರೆ ಗಂಟಿಕ್ಕುವರು, ಅವರ ನಾಯಿ ಕರಿಯ ಗುರುಗುಟ್ಟುವನು. ಇಬ್ಬರಲ್ಲಿ ಕರಿಯನೇ ವಾಸಿ; ಸದ್ದಾದರೂ ಮಾಡುತ್ತಿದ್ದ.

ಒಂದು ಭಾನುವಾರ ಟೊಮೆಟೊ ಹೊಲದ ಕಡೆಯಿಂದ ಕರಿಯನ ಅರಚಾಟ ಕೇಳಿತು. ಕಾಡುಹಂದಿ ಕಾಟಕ್ಕೆಂದು ಮಾವ ಅದೇ ವಾರ ಕಟ್ಟಿದ್ದ ನೈಲಾನ್ ಬಲೆಗೆ ಅವನ ಕತ್ತು ಸಿಕ್ಕಿಕೊಂಡಿತ್ತು. ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ಮಾವನ ಕಣ್ಣಲ್ಲಿ ಒಳ್ಳೆಯವನಾಗಲು ಇದೇ ಸಮಯವೆಂದು ನುಗ್ಗಿದೆ. ಕರಿಯ ಹಲ್ಲು ಕಿರಿದು ಗುರ್ರೆಂದ. ಹಿಂದಕ್ಕೆ ನೆಗೆದೆ, ಕಾಲು ಬಲೆಗೆ ತೊಡರಿ ಅವನ ಪಕ್ಕದಲ್ಲೇ ಬಿದ್ದೆ. ಅವನ ಮೂತಿಗೂ ನನ್ನ ಮೂಗಿಗೂ ಒಂದೇ ಗೇಣು.

ಮಾವ ಕುಡುಗೋಲು ಹಿಡಿದು ಓಡಿಬಂದರು. ಒಂದು ಕೈಯಲ್ಲಿ ಕರಿಯನ ಬಾಯಿ ಅದುಮಿ ಹಿಡಿದು, ‘ಅಲ್ಲಾಡ್ಬ್ಯಾಡಿ, ಸುಮ್ಕಿರಿ’ ಅಂದರು. ನನಗೆ ಆಡಿದ ಮೊದಲ ಮಾತು. ಅದರಲ್ಲೂ ಬಹುವಚನ! ಕಣ್ಣಲ್ಲಿ ನೀರೇ ಬಂತು.

ಅವರು ನಾಯಿಯ ಕತ್ತಿನ ಎಳೆ ಕೊಯ್ದು, ನನ್ನ ಕಾಲ ಹತ್ತಿರ ಕುಡುಗೋಲು ತಂದರು.

‘ಬ್ಯಾಡಿ ಮಾವ, ಹೊಸ ಬಲೆ. ಬಿಡಿಸ್ಕೊತೀನಿ’ ಅಂದೆ.

‘ಬಲೆ ಓದ್ರೆ ಇನ್ನೊಂದ್ ತರಬೌದು. ಕಾಲ್ ಎಲ್ಲಿಂದ ತರನ?’ ಎನ್ನುತ್ತ ಪರಪರ ಕೊಯ್ದುಬಿಟ್ಟರು. ಕರಿಯ ಮೈ ಕೊಡವಿ ಮನೆಯತ್ತ ಓಡಿದ. ನಾನು ಮಣ್ಣು ಮೆತ್ತಿದ ಮುಖ ಎತ್ತಿದೆ. ಮಾವ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಹರಿದ ಬಲೆಯನ್ನು.

‘ಕಾಡಂದಿಗೆ ಅಂತ ಕಟ್ಟುದ್ರೆ ಅಳಿಯ ಬಿದ್ದವ್ರಲ್ಲಪ್ಪಾ!’ ಎಂದು ನಗತೊಡಗಿದವರು ಬದುವಿನ ಮೇಲೆ ಕುಸಿದು ಕೂತರು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸೇರಿ ಕತ್ತಲಾಗುವವರೆಗೆ ಆ ಬಲೆ ಹೊಲಿದೆವು.

ಇಷ್ಟು ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ಭೀಮನಬೀಡಿಗೆ ಫೋನ್ ಮಾಡಿ, ‘ಭಾನುವಾರ ಬರೋಣ ಅಂತ ಮಾವ, ಆದ್ರೆ ಇವಳಿಗೆ ಅವತ್ತೂ ಡ್ಯೂಟಿ, ರಜ ಸಿಗುತ್ತೋ ಇಲ್ವೋ’ ಎಂದೆ.

‘ಅವ್ಳಿಗ್ ಸಿಗ್ದಿದ್ರೆ ಬುಡಿ,’ ಅಂದರು ಮಾವ, ‘ನೀವ್ ಬನ್ನಿ.’