ಗಾಳಿ ನೋಡುವ ನಾದಿನಿ

ನನ್ನ ನಾದಿನಿಯ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಮದುವೆ ಮನೆಗೆ ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಬಂದರೂ ಆ ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ಟೈರಿನ ಗಾಳಿ ನೋಡಿ ನೋಡಿ ಹಿಡಿದ ಬಣ್ಣ ಅದು. ನಮ್ಮತ್ತೆ ಅದನ್ನೂ ಮಗಳಿಗೆ ಹಾಕಿದ ಉಂಗುರದ ಹಾಗೆ ನೋಡೋರು. ನನ್ನ ಕೈಗೆ ಒಗ್ಗರಣೆ ಸಿಡಿದು ಬೊಬ್ಬೆ ಎದ್ದರೆ, "ನೋಡ್ಕೊಂಡು ಮಾಡಬಾರದಾ ತಾಯಿ" ಅನ್ನೋರು.

ನಮ್ಮದು ದೊಡ್ಡನೆಕ್ಕುಂದಿಯ ಹಳೇ ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪೀಜಿ ಎದ್ದಿದೆ. ಅದರ ಅಡುಗೆಮನೆ ನನ್ನ ಉಸ್ತುವಾರಿ. ನಮ್ಮ ಯಜಮಾನರಿಗೆ ಇರೋದು ಒಂದೇ ಹುಚ್ಚು, ಕಾರು. ಕೋಲಾರದ ದಾರಿಯಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಆಗಾಗ ಭಾನುವಾರ ನಮ್ಮಂಥವರೂ ಮನೆ ಕಾರನ್ನೇ ತಂದು ಅಲ್ಲಿ ಜೋರಾಗಿ ಓಡಿಸಬಹುದು. ಅಲ್ಲಿಗೆ ಹೋಗದಿದ್ದರೆ ಇವರಿಗೆ ತಿಂದ ಅನ್ನ ಅರಗುವುದಿಲ್ಲ. ಇವರ ತಂಗಿ, ಅದೇ ನನ್ನ ನಾದಿನಿ, ಜಿಗಣಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಭಾಗಗಳ ಅಳತೆ ನೋಡುತ್ತಿದ್ದಳು. ಬೊಮ್ಮನಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರೂ ಟ್ರ್ಯಾಕಿಗೆ ಹೋಗುವ ಹಿಂದಿನ ಸಂಜೆ ತವರಿಗೆ ಹಾಜರ್. ಬೆಳಗ್ಗೆ ಟೈರಿನ ಮೇಲೆ ಬಿಸಿಲು ಬೀಳೋಕೆ ಮುಂಚೆ ಅವಳೇ ಗಾಳಿ ನೋಡಬೇಕು. ನಾಲ್ಕು ಟೈರು ಅವಳಿಗೆ, ಊಟದ ಡಬ್ಬಿ ನನಗೆ. ಈ ಪಾಲು ಮಾಡಿದಾಗ ನನ್ನನ್ನು ಯಾರೂ ಕೇಳಿರಲಿಲ್ಲ.

ಹೊಟ್ಟೆಕಿಚ್ಚು ಪಟ್ಟೆ. ಸುಳ್ಳು ಯಾಕೆ ಹೇಳಲಿ? ಅಣ್ಣ ತಂಗಿ ಊಟಕ್ಕೆ ಕೂತರೆ ಅದೇ ಮಾತು. ಗಾಳಿ ನೋಡುವ ಗೇಜನ್ನು ಅವಳು ಯಾರಿಗೂ ಬದಲಾಯಿಸಲು ಬಿಡುತ್ತಿರಲಿಲ್ಲ. "ಗೇಜು ಸುಳ್ಳು ಹೇಳಿದ್ರೂ ಪರವಾಗಿಲ್ಲ ಕಣಣ್ಣ, ದಿನಾ ಅದೇ ಸುಳ್ಳು ಹೇಳ್ಬೇಕು" ಅನ್ನೋಳು. ಇವರು ಆ ಮಾತನ್ನು ಪೀಜಿಯ ಹುಡುಗರಿಗೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಸಾರಿನ ಬಗ್ಗೆ ಒಂದು ದಿನವೂ ಅಷ್ಟು ಬಾಯಿ ಬಿಟ್ಟ ಮನುಷ್ಯನಲ್ಲ.

ಟ್ರ್ಯಾಕಿನಲ್ಲಿ ಅವಳನ್ನು ನೋಡಬೇಕಿತ್ತು. ಕಾರು ಹೊರಡುವ ಮುಂಚೆ ಟೈರಿನ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯೋಳು. ಕೆಲವು ಸುತ್ತು ಹೊಡೆದು ಇವರು ಬಂದು ನಿಂತರೆ, ಅಣ್ಣನ ಮುಖ ನೋಡೋದಕ್ಕಿಂತ ಮುಂಚೆ ಗೀಟು ಎಷ್ಟು ಅಳಿಸಿದೆ ಅಂತ ನೋಡೋಳು. ತೀರಾ ಕೆಳಗಿನವರೆಗೆ ಅಳಿಸಿದ್ದರೆ ಗಾಳಿ ಕಮ್ಮಿ, ಟೈರು ತಿರುವಿನಲ್ಲಿ ಪಕ್ಕಕ್ಕೆ ಮಡಚಿಕೊಳ್ಳುತ್ತಿದೆ ಅಂತ ಅರ್ಥ. ಆಮೇಲೆ ಜ್ವರ ನೋಡುವ ಹಾಗೆ ಟೈರಿನ ಮೇಲೆ ಅಂಗೈ ಇಡೋಳು. ಕಾದ ಟೈರಿನಲ್ಲಿ ಗಾಳಿಯ ಒತ್ತಡ ಏರಿರುತ್ತೆ, ಹಾಗೇ ಬಿಟ್ಟರೆ ಹಿಡಿತ ಸಾಲದೆ ಕಾರು ಜಾರುತ್ತೆ. ಅದಕ್ಕೆ ಒಂದೊಂದೇ ಚೂರು ಬಿಟ್ಟು ಸಮ ಮಾಡೋಳು. ಸಂಜೆ ಮನೆಗೆ ಹೊರಡುವಾಗ ಟೈರು ಆರಿದ ಮೇಲೆ ರಸ್ತೆಗೆ ಬೇಕಾದಷ್ಟು ಮತ್ತೆ ತುಂಬಿಸಲೇಬೇಕು. ಅದನ್ನು ಮರೆತು ಹೊರಟವರ ಕಾರಿಗೆ ಅಡ್ಡ ನಿಂತು, "ಸಾರ್, ಹಿಂದೆ ಮಕ್ಕಳು ಕೂತಿದಾರೆ, ಇಳೀರಿ" ಅಂದವಳು ಅವಳು. ಗುರುತಿಲ್ಲದವರೂ ಇಳಿದರು. ನನ್ನ ಮಾತಿಗೆ ನನ್ನ ಗಂಡನೇ ಸೋಫಾದಿಂದ ಏಳೋದಿಲ್ಲ.

ಒಮ್ಮೆ ಅವಳು ಬರೋಕೆ ಮುಂಚೆ ಗಾಳಿಯ ಕೆಲಸ ನಾನೇ ಮುಗಿಸಿಬಿಡೋಣ ಅಂತ ಹಟ ಬಂತು. ಶನಿವಾರ ಮಧ್ಯಾಹ್ನ ಕಾರು ತಗೊಂಡು ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಬೆಂದು ಪೆಟ್ರೋಲ್ ಬಂಕಿಗೆ ಹೋದೆ. ಅಲ್ಲಿನ ಮೀಟರು ಇವಳು ಹೇಳೋದಕ್ಕಿಂತ ಜಾಸ್ತಿ ತೋರಿಸಿತು. ನೋಡಿದೆಯಾ, ಇವಳಿಗೂ ತಪ್ಪುತ್ತೆ ಅಂತ ಒಳಗೊಳಗೇ ಖುಷಿಪಟ್ಟು, ಹೆಚ್ಚಾದದ್ದನ್ನು ಬಿಡಿಸಿ ಬಂದೆ. ಮಾರನೇ ಬೆಳಗ್ಗೆ ಅವಳು ನೋಡಿದರೆ ನಾಲ್ಕೂ ಕಮ್ಮಿ. ಯಜಮಾನರು ಹುಬ್ಬು ಗಂಟಿಕ್ಕಿದರು. ಅವಳು ಒಂದು ಸಲ ನನ್ನ ಕಡೆ ನೋಡಿ, "ಚಳಿಗೆ ಇಳಿದಿರುತ್ತೆ ಬಿಡಣ್ಣ" ಅಂದು ತುಂಬಿಸಿದಳು. ಆಮೇಲೆ ಅಡುಗೆಮನೆಗೆ ಬಂದು ಕಿವಿಯಲ್ಲಿ ಹೇಳಿದಳು, "ಅತ್ತಿಗೆ, ರಸ್ತೆ ಗಾಡಿಗೆ ಬಿಸಿ ಟೈರಿಂದ ಗಾಳಿ ಬಿಡಿಸ್ಬೇಡಿ. ಆರಿದ್ಮೇಲೆ ಇಳಿದುಹೋಗುತ್ತೆ. ಟ್ರ್ಯಾಕಲ್ಲಿ ಬಿಡೋದು ಬೇರೆ ಲೆಕ್ಕ." ಬೈದಿದ್ದರೆ ಜಗಳ ಆಡಬಹುದಿತ್ತು. ನನ್ನನ್ನು ಕಾಪಾಡಿಬಿಟ್ಟಳಲ್ಲ, ಅದಕ್ಕೇ ವಾರವೆಲ್ಲ ಮೈ ಉರಿಯಿತು.

ಹೋದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ನಾನೊಬ್ಬಳೇ ಪಕ್ಕದಲ್ಲಿದ್ದಾಗ ಕೈ ಹಿಡಿದುಕೊಂಡಳು. ಗಂಡನ ಬಗ್ಗೆ ಏನೋ ಹೇಳ್ತಾಳೆ ಅಂದುಕೊಂಡೆ.

"ಅತ್ತಿಗೆ, ಆ ಟ್ರ್ಯಾಕಲ್ಲಿ ಬಲಕ್ಕೆ ತಿರುವು ಜಾಸ್ತಿ. ಭಾರ ಎಡಗಡೆ ಬೀಳುತ್ತೆ, ಆ ಟೈರು ಬೇಗ ಕಾಯುತ್ತೆ. ಬೆಳಗ್ಗೆ ತುಂಬ್ಸೋವಾಗ್ಲೇ ಎಡಕ್ಕೆ ಒಂಚೂರು ಕಮ್ಮಿ ಇಡಿ."

"ನಿಮ್ಮಣ್ಣನಿಗೆ ಹೇಳಮ್ಮ" ಅಂದೆ.

"ಅವನಿಗೆ ಓಡ್ಸೋದು ಮಾತ್ರ ಗೊತ್ತು. ನೀವು ನೋಡ್ಕೊಳ್ಳಿ."

ನನ್ನ ಗಂಡನನ್ನು ನನಗೇ ಒಪ್ಪಿಸ್ತಿದಾಳಲ್ಲ ಅಂತ ಅಂಥ ಹೊತ್ತಿನಲ್ಲೂ ಚುರ್ ಅಂದಿತು. ಎರಡು ದಿನಕ್ಕೆ ಹೋಗಿಬಿಟ್ಟಳು.

ಯಜಮಾನರು ಕಾರಿಗೆ ಹೊದಿಸಿದ ಕವರ್ ತೆಗೆಯಲೇ ಇಲ್ಲ. ಮಾತೂ ಕಮ್ಮಿಯಾಯಿತು. ಮೊನ್ನೆ ಚಳಿಗಾಲ ಮುಗಿಯುವಾಗ ನಾನೇ ಕವರ್ ಎಳೆದೆ, ಬೆಳಗ್ಗೆ ಗಾಳಿ ತುಂಬಿಸಿದೆ, ಎಡಕ್ಕೆ ಒಂಚೂರು ಕಮ್ಮಿ ಇಟ್ಟೆ, "ನಡೀರಿ" ಅಂದೆ. ಬೇಡ ಬೇಡ ಅನ್ನುತ್ತಲೇ ಬಂದರು.

ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳನ್ನು ಮುಗಿಸಿ ಬಂದು ನಿಂತರು. ಇಂಜಿನ್ ಆರಿಸಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಏರಿದ್ದನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಹೆಲ್ಮೆಟ್ಟಿನೊಳಗಿಂದ ಎದುರಿನ ದಾರಿ ನೋಡುತ್ತಲೇ ಅವರು ಕೇಳಿದರು, "ಎಷ್ಟಿದ್ಯಮ್ಮ ತಂಗಿ?"

ತಾಳಿ ಕಟ್ಟಿದ ಹೆಂಡತಿಗೆ ತಂಗಿ ಅಂದುಬಿಟ್ಟರು. ಅಂದದ್ದು ಅವರಿಗೆ ಗೊತ್ತೂ ಆಗಲಿಲ್ಲ. ಇಷ್ಟು ವರ್ಷ ಯಾವ ಜಾಗಕ್ಕಾಗಿ ಹೊಟ್ಟೆ ಉರಿದುಕೊಂಡೆನೋ ಅಲ್ಲೇ ಕೂತಿದ್ದೆ, ಅದು ಇನ್ನೂ ಅವಳದೇ ಆಗಿತ್ತು. ಸತ್ತವಳ ಮೇಲೂ ಕಿಚ್ಚು ಬಂತು, ಅದರ ಹಿಂದೆಯೇ ಅಳು ಬಂತು. ನಾನು ತಲೆ ಎತ್ತಿದ್ದರೆ ನನ್ನ ಮುಖ ನೋಡಿಬಿಡುತ್ತಿದ್ದರು. ಎತ್ತಲಿಲ್ಲ.

"ಸರಿಯಾಗಿದೆ ಅಣ್ಣ, ಹೋಗು" ಅಂದೆ.